ಸುಡದೆ ಉಳಿಸಿದ ಬೆಂಕಿರೇಖೆ

ಕಾಡು ನೋಡಲು ಬರುವವರ ಕಣ್ಣಿಗೆ ಕರಿಬೂದಿ ಬೀಳಬಾರದು ಅಂತ ನಮಗೆ ಅಪ್ಪಣೆಯಾಯಿತು. ಅಪ್ಪಣೆ ತಂದವರು ನಮ್ಮ ರೇಂಜರು. ಯಳಂದೂರಿನಿಂದ ಜೀಪಿನಲ್ಲಿ ಬೆಟ್ಟ ಹತ್ತಿ ಬಂದವರು ಕೆಳಗೂ ಇಳಿಯದೆ, ಸೀಟಿನಲ್ಲಿ ಕೂತೇ ಹೇಳಿದರು: "ಏನ್ರೀ ಫಾರೆಸ್ಟರ್ರೇ, ಬೆಂಗಳೂರಿಂದ ಒಂದು ತಂಡ ಬರ್ತಿದೆ. ದೊಡ್ಡವರ ಕಡೆಯವರು. ಅವರು ವಾಪಸ್ ಹೋಗೋ ತನಕ ಲೈನಿಗೆ ಬೆಂಕಿ ಕೊಡಬೇಡಿ. ಹೊಗೆ ಎದ್ರೆ ಒಂದು ಪ್ರಾಣಿನೂ ನಿಲ್ಲಲ್ಲ. ಫೋಟೋದಲ್ಲಿ ನೆಲ ಎಲ್ಲ ಕರ್ರಗೆ ಬೀಳುತ್ತೆ."

"ಹುಲ್ಲು ಆಗಲೇ ಕುಯ್ದು ಹಾಕಿದೀವಿ ಸಾರ್" ಅಂದೆ.

"ಇರ್ಲಿ ಬಿಡ್ರಿ, ಹುಲ್ಲೇನು ಓಡಿಹೋಗುತ್ತಾ?"

ಜೀಪು ತಿರುಗಿಸಿಕೊಂಡು ಹೋದರು. ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಕಾಡಿನಲ್ಲಿ ನನಗಿಂತ ಹೆಚ್ಚು ವರ್ಷ ಸವೆಸಿದ ಮನುಷ್ಯ. ಗೊತ್ತಿದ್ದೂ ಹೇಳಿದರು, ಅದೇ ನನಗೆ ಉರಿಯುತ್ತಿದ್ದುದು.

ಎಪ್ಪತ್ತರ ದಶಕದ ನಡುಗಾಲ. ಆ ಬೆಟ್ಟದ ಕಾಡನ್ನು ಅಭಯಾರಣ್ಯ ಅಂತ ಘೋಷಿಸಿ ಇನ್ನೂ ಹೊಸದು. ಮೊದಲಾದರೆ ಬಿದಿರು, ಮರ, ಸೀಗೆ ಅಂತ ಲೆಕ್ಕ ಹಾಕುತ್ತಿದ್ದ ನಾವು ಈಗ ನೋಡುಗರನ್ನು ಕರೆದುಕೊಂಡು ತಿರುಗಬೇಕಿತ್ತು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟರೆ ಕೊಳ್ಳೇಗಾಲದಲ್ಲಿ ಊಟ ಮುಗಿಸಿ ಸಂಜೆಯೊಳಗೆ ಅತಿಥಿಗೃಹ ಸೇರಬಹುದು. ಹಾಗಾಗಿ ಬರುವವರು ಹೆಚ್ಚುತ್ತಿದ್ದರು.

ಬೆಂಕಿರೇಖೆ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಚಳಿ ಮುಗಿಯುತ್ತಿದ್ದಂತೆ ಕಾಡಿನ ಅಂಚುಗಳಲ್ಲಿ ಗಾಡಿ ದಾರಿಗಿಂತ ಅಗಲವಾಗಿ ಒಂದು ಪಟ್ಟಿ ಗುರುತು ಮಾಡಿ, ಅಲ್ಲಿನ ಹುಲ್ಲು ಪೊದೆಯನ್ನೆಲ್ಲ ಕುಯ್ದು ಅಲ್ಲೇ ಹರವುತ್ತೇವೆ. ಅದು ಒಣಗಿದ ಮೇಲೆ, ಇಬ್ಬನಿ ಇನ್ನೂ ಆರದ ಬೆಳಗಿನಲ್ಲಿ, ಎರಡೂ ಅಂಚಿಗೆ ಹಸಿ ಸೊಪ್ಪು ಹಿಡಿದ ಆಳುಗಳನ್ನು ನಿಲ್ಲಿಸಿಕೊಂಡು ನಾವೇ ಸುಡುತ್ತೇವೆ. ಸುಟ್ಟು ಬೋಳಾದ ನೆಲಕ್ಕೆ ಬೇಸಿಗೆಯ ಕಾಡುಗಿಚ್ಚು ಬಂದರೆ ಅದಕ್ಕೆ ತಿನ್ನಲು ಏನೂ ಸಿಗದೆ ಸಾಯುತ್ತದೆ. ಕುಯ್ದು, ಸುಡದೆ ಬಿಟ್ಟರೆ? ನಿಂತ ಹುಲ್ಲಿನಲ್ಲಾದರೂ ಬುಡದಲ್ಲಿ ಒಂದಿಷ್ಟು ಹಸಿ ಇರುತ್ತದೆ. ಕುಯ್ದದ್ದು ಗರಿಗರಿ ಒಣಗಿ, ಬೆಂಕಿಗೆ ನಾವೇ ಚಾಪೆ ಹಾಸಿ ಬಾ ತಾಯಿ ಅಂತ ಕರೆದ ಹಾಗೆ. ಅದಕ್ಕಿಂತ ಕುಯ್ಯದೆ ಇರುವುದೇ ವಾಸಿ.

ಈ ರೇಖೆ ಇದ್ದದ್ದು ಒಡೆಯರಪಾಳ್ಯದ ದಿಕ್ಕಿಗೆ ಇಳಿಯುವ ಒಣ ಕಣಿವೆಯ ನೆತ್ತಿಯಲ್ಲಿ. ರೇಖೆಯ ಮೇಲ್ಗಡೆ ಒಂದು ಸೋಲಿಗರ ಪೋಡು, ಅಂದರೆ ಅವರ ಹಟ್ಟಿ. ಬಿದಿರ ತಡಿಕೆ, ಹುಲ್ಲಿನ ಹೊದಿಕೆಯ ಗುಡಿಸಲುಗಳು. ಪೋಡಿನ ಮೇಲೆ ಜೀಪ್ ದಾರಿ. ಜೀಪ್ ದಾರಿಯ ಆಚೆಗೆ ಬಿದಿರ ಮೆಳೆ, ಅದೂ ಹೂ ಬಿಟ್ಟು ಸತ್ತು ಒಣಗಿ ನಿಂತದ್ದು. ಕಣಿವೆಯ ಬೆಂಕಿ ಮೇಲಕ್ಕೆ ಏರಿ ಬಂದರೆ ಪೋಡಿಗೂ ಅದಕ್ಕೂ ನಡುವೆ ಇದ್ದದ್ದು ಆ ರೇಖೆ ಒಂದೇ.

ಆ ಪೋಡಿನವರನ್ನು ಕೆಳಗೆ ಯಳಂದೂರಿನ ದಾರಿಬದಿಗೆ ಇಳಿಸಬೇಕು ಅಂತ ಇಲಾಖೆಯ ಮೇಲಿನವರು ಬಹಳ ದಿನದಿಂದ ಪ್ರಯತ್ನ ಪಡುತ್ತಿದ್ದರು. ನಯವಾಗಿ ಹೇಳಿದರು, ಗದರಿಸಿ ಹೇಳಿದರು. ಅವರು ಜಪ್ಪಯ್ಯ ಅಂದರೂ ಕದಲಲಿಲ್ಲ. ಬಲವಂತ ಮಾಡಿದರೆ ಗಲಾಟೆಯಾಗುತ್ತದೆ ಅಂತ ಸುಮ್ಮನಿದ್ದರು.

ನಮ್ಮ ವಾಚರ್ ಆ ಪೋಡಿನವನೇ. ನನಗಿಂತ ಸ್ವಲ್ಪ ದೊಡ್ಡವನು, ಸಣಕಲು ಮೈ, ಮಾತು ಕಮ್ಮಿ. ಅವನ ತಾಯಿ, ಹೆಂಡತಿ, ಮಕ್ಕಳು ಎಲ್ಲ ಅಲ್ಲೇ. ರೇಂಜರ ಜೀಪು ಹೋದ ಮೇಲೆ ಅವನು ನನ್ನ ಮುಖ ನೋಡಿದ.

"ಎಸ್ಟ್ ದಿನ ಇದ್ದಾರು ಬುದ್ಧಿ ಅವ್ರು?"

"ಎರಡು ದಿನ ಅಂತೆ."

"ಎಲ್ಡ್ ದಿನಾದ್ರ ತಡ್ಕಬೋದು" ಅಂದು ಕತ್ತಿ ಮಸೆಯಲು ಕೂತ.

ಬಂದವರು ಒಂದು ವ್ಯಾನಿನ ತುಂಬ ಜನ. ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ತಂಡದ ಹಿರಿಯರು ನಿವೃತ್ತ ಕಾಲೇಜು ಮೇಷ್ಟ್ರು, ಬಿಳಿ ಟೋಪಿ, ಕೊರಳಿಗೆ ದುರ್ಬೀನು. ವಾಚರನನ್ನೂ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಪಾಪ ಅವನಿಗೆ ಯಾರನ್ನೋ ಕರೆಯುತ್ತಿದ್ದಾರೆ ಅಂತ ಹಿಂದೆ ತಿರುಗಿ ನೋಡುವ ಹಾಗಾಗುತ್ತಿತ್ತು. ಅವರಿಗೆ ಆನೆ ನೋಡಬೇಕಿತ್ತು. ನವಿಲು ಕಂಡಿತು, ಕಡವೆ ಕಂಡಿತು, ಕೆಂಜಳಿಲು ಕಂಡಿತು. ಆನೆ ಮಾತ್ರ ಲದ್ದಿ ಬಿಟ್ಟು ಮಾಯ. ಎರಡು ದಿನ ಕಳೆಯಿತು. "ಆನೆ ನೋಡದೆ ಕದಲೋದಿಲ್ಲಪ್ಪಾ" ಅಂದರು ಮೇಷ್ಟ್ರು, ಮಕ್ಕಳಂತೆ ನಗುತ್ತಾ. ರೇಂಜರು "ಇರಿ ಸಾರ್, ಇರಿ, ನಿಮ್ಮದೇ ಕಾಡು" ಅಂದುಬಿಟ್ಟರು.

ಕೊಳ್ಳೇಗಾಲದ ಮಗ್ಗದ ಮನೆಯಲ್ಲಿ ಹುಟ್ಟಿದವನು ನಾನು. ಎಳೆ ಎಳೆಗೂ ತಾಳ್ಮೆ ಬೇಕಾದ ಕಸುಬು ನಮ್ಮಪ್ಪನದು, ನನಗೆ ಮಾತ್ರ ಕೋಪ ಮೂಗಿನ ತುದಿಯಲ್ಲಿ. ಆದರೂ ಅಪ್ಪಣೆ ಮೀರಿ ಬೆಂಕಿ ಕೊಡುವ ಹಾಗಿಲ್ಲ. ಸುಡುವುದು ಬೇಡವಾದರೆ ಗುಡಿಸಿಯಾದರೂ ಹಾಕೋಣ ಅಂತ ಲೆಕ್ಕ ಹಾಕಿದೆ. ಕುಯ್ದ ಹುಲ್ಲನ್ನು ಕವೆಗೋಲಿನಿಂದ ಎಳೆದು ಕಣಿವೆಯ ಕಡೆಗೆ ದೂಡಿಬಿಟ್ಟರೆ ರೇಖೆ ಅರ್ಧಮಟ್ಟಿಗಾದರೂ ಬೋಳಾಗುತ್ತದೆ. ಆಳುಗಳನ್ನು ಇಳಿಸಿದೆ. ಕೆಲಸ ಹತ್ತಿಕೊಳ್ಳುವ ಹೊತ್ತಿಗೆ ಅತಿಥಿಗೃಹದಿಂದ ಕರೆ ಬಂತು. ಬಿದಿರ ಮೆಳೆಯೊಳಗಿನ ನೀರುಹೊಂಡದ ಹತ್ತಿರ ನೋಡುಗರಿಗೆ ಅಟ್ಟಣೆ ಕಟ್ಟಬೇಕಂತೆ, ಅಲ್ಲಿಗೆ ಹೋಗುವ ದಾರಿಯ ತರಗೆಲೆ ಗುಡಿಸಬೇಕಂತೆ, ಕಾಲಿಟ್ಟರೆ ಸದ್ದಾಗಬಾರದಂತೆ. ಆಳುಗಳೆಲ್ಲ ಅಲ್ಲಿಗೆ ಹೋದರು. ಪಟ್ಟಿಯ ಪಕ್ಕದಲ್ಲಿ ಇಟ್ಟಿದ್ದ ನೀರಿನ ಡ್ರಮ್ಮುಗಳೂ ನೋಡುಗರ ಸ್ನಾನಕ್ಕೆ ಹೋದವು. ರೇಖೆಗೆ ನಾನು, ವಾಚರ್ ಇಬ್ಬರೇ. ಹಗಲೆಲ್ಲ ಎಳೆದರೂ ಹುಲ್ಲು ಮುಗಿಯುವ ಲಕ್ಷಣವೇ ಇಲ್ಲ.

ಬಿಸಿಲು ಹೊಡೆಯುತ್ತಿತ್ತು. ವಾಚರ್ ಒಂದು ಹಿಡಿ ಹುಲ್ಲು ಎತ್ತಿ ಮುಷ್ಟಿಯಲ್ಲಿ ಹಿಸುಕಿದ. ಪುಡಿಪುಡಿಯಾಗಿ ಉದುರಿತು.

"ಇದ್ಕ ಕಡ್ಡಿ ಬ್ಯಾಡ ಬುದ್ಧಿ, ಬಯ್ದ್ರ ಸಾಕು ಅತ್ಕತ್ತದ" ಅಂದ.

ನಾನು ನಗಬೇಕಿತ್ತು, ನಗು ಬರಲಿಲ್ಲ. ಮಾರನೆಯ ಬೆಳಿಗ್ಗೆ ಅತಿಥಿಗೃಹಕ್ಕೆ ಹೋಗಿ ರೇಂಜರಿಗೆ ಮುಖಾಮುಖಿ ಹೇಳಿದೆ: "ಸಾರ್, ನಾಳೆ ಬೆಳಗಿನ ಜಾವ ಸುಟ್ಟುಬಿಡ್ತೀನಿ. ಏನಾದ್ರೂ ಆದ್ರೆ ಪೋಡು ಉಳಿಯಲ್ಲ." ಅವರು ಕಾಫಿ ಲೋಟ ಕೆಳಗಿಟ್ಟು, "ನಾಳೆ ಒಂದು ದಿನ, ಆಮೇಲೆ ನಿಮ್ಮ ಲೈನು ಬೋಳಿಸಿಕೊಳ್ಳಿ" ಅಂದರು. ಒಂದು ದಿನ. ನಾನು ಒಪ್ಪಿಕೊಂಡೆ. ಒಪ್ಪದೆ ಇದ್ದಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ, ಯಾಕೆಂದರೆ ಹೊಗೆ ಎದ್ದದ್ದು ಅದೇ ಮಧ್ಯಾಹ್ನ.

ಮೊದಲು ಕಂಡದ್ದು ಕಣಿವೆಯ ತಳದಲ್ಲಿ ಒಂದು ಕಂದು ಮೋಡ. ಯಾರು ಹಚ್ಚಿದರೋ, ದನ ಕಾಯುವವರ ಬೀಡಿಯೋ, ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ಗಾಳಿ ಬೆಟ್ಟದಿಂದ ಕೆಳಕ್ಕೆ ಇಳಿಯುತ್ತದೆ, ಹೊತ್ತು ನೆತ್ತಿಗೆ ಬಂದ ಮೇಲೆ ಕಣಿವೆಯಿಂದ ಮೇಲಕ್ಕೆ ಏರುತ್ತದೆ. ಬೆಂಕಿಗೂ ಏರುವುದೇ ಇಷ್ಟ. ಮೇಲಕ್ಕೆ ಬರುವ ಬೆಂಕಿಯನ್ನು ಎದುರಿಗೆ ನಿಂತು ಬಡಿದು ಆರಿಸುತ್ತೇನೆ ಅನ್ನುವವನು ಬದುಕಿ ಬಂದದ್ದನ್ನು ನಾನಂತೂ ನೋಡಿಲ್ಲ.

ವಾಚರನೂ ನಾನೂ ಪೋಡಿಗೆ ಓಡಿದೆವು. ಅಲ್ಲಿ ಇದ್ದವರು ಮುದುಕರು, ಮಕ್ಕಳು, ಬಾಣಂತಿ ಒಬ್ಬಳು. ಗಂಡಸರು ಅಟ್ಟಣೆಯ ಕೆಲಸಕ್ಕೆ ಹೋದವರು ದೂರದ ಹೊಂಡದ ಬಳಿ. ಹೆಂಗಸರು ಸೀಗೆಕಾಯಿ ಕೀಳಲು ಜೀಪ್ ದಾರಿಯಾಚೆ ಬಿದಿರ ಮೆಳೆಯ ಒಳಗೆ. ಬೆಂಗಳೂರಿನವರೂ ಅದೇ ಮೆಳೆಯೊಳಗೆ ಅಟ್ಟಣೆ ಏರಿ ಕೂತಿದ್ದರು. ಒಣಬಿದಿರಿಗೆ ಒಂದು ಕಿಡಿ ಬಿದ್ದರೆ ಅವರಲ್ಲಿ ಒಬ್ಬರಿಗೂ ಹೊರಬರುವ ದಾರಿ ಇಲ್ಲ. ಹೊಗೆ ಕಂಡು ಅತಿಥಿಗೃಹದಿಂದ ಓಡಿಬಂದಿದ್ದ ಒಬ್ಬ ಗಾರ್ಡನ್ನು ಮೆಳೆಗೆ ಓಡಿಸಿದೆ: "ಸದ್ದಾದ್ರೆ ಆಗ್ಲಿ, ಕೂಗ್ಕೊಂಡು ಹೋಗು. ಎಲ್ಲರನ್ನೂ ಎಬ್ಬಿಸ್ಕೊಂಡು ಜೀಪ್ ದಾರಿಗೆ ಬಾ."

ಮುದುಕರು ಮಕ್ಕಳನ್ನು ದಾರಿಗೆ ಹತ್ತಿಸಿದೆವು. ವಾಚರನ ತಾಯಿ ಮಾತ್ರ ಗುಡಿಸಲೊಳಕ್ಕೆ ಹೋಗಿ ಬರಲೇ ಇಲ್ಲ. ನಾನೇ ಬಗ್ಗಿ ಒಳಗೆ ಹೋದೆ. ಒಲೆಯ ಮೇಲೆ ಹೊಗೆಯಲ್ಲಿ ತೂಗುಬಿಟ್ಟಿದ್ದ ಬಿತ್ತನೆಯ ರಾಗಿ ತೆನೆ, ಅವರೆ ಗಂಟು, ಕುಂಬಳ ಬೀಜದ ಸೋರೆಬುರುಡೆ, ಒಂದೊಂದನ್ನೇ ಬಿಚ್ಚುತ್ತಿದ್ದಳು.

"ಅಜ್ಜೀ, ಬೆಂಕಿ ಬರ್ತಾ ಅದೆ!"

"ಬರ್ಲಿ ಮಗಾ. ಇದ್ನ ಬುಟ್ಟು ಎಂಗ್ ಬರಾದು? ಇಡ್ಕೊ" ಅಂತ ಬುರುಡೆಯನ್ನು ನನ್ನ ಕೈಗೆ ತುರುಕಿದಳು. ಬೀಜ, ಅಜ್ಜಿ ಎರಡನ್ನೂ ಹೊತ್ತು ದಾರಿಗೆ ಹತ್ತಿಸಿದೆ.

ಆಮೇಲಿನದು ಕೆಲಸದ ಮಾತು. ಏರುವ ಬೆಂಕಿಯನ್ನು ನಿಲ್ಲಿಸಲು ಉಳಿದ ದಾರಿ ಎದುರುಬೆಂಕಿ. ಬೋಳು ನೆಲವೊಂದನ್ನು ಬೆನ್ನಿಗಿಟ್ಟುಕೊಂಡು, ಅಲ್ಲಿಂದ ನಾವೇ ಬೆಂಕಿ ಹಚ್ಚಿ, ಬರುವ ಬೆಂಕಿಯ ಕಡೆಗೆ ಸಾಗಿಸಬೇಕು. ಗಾಳಿಗೆ ಎದುರಾಗಿ ಅದು ನಿಧಾನ ಇಳಿಯುತ್ತದೆ. ದೊಡ್ಡ ಬೆಂಕಿ ಹತ್ತಿರ ಬಂದಾಗ ಅದು ತನ್ನ ಕಡೆಗೆ ಗಾಳಿ ಎಳೆದುಕೊಳ್ಳುತ್ತದೆ. ಆಗ ನಮ್ಮದೂ ಓಡಿಹೋಗಿ ಅದನ್ನು ಸೇರುತ್ತದೆ. ಎರಡೂ ಸೇರಿದ ಕಡೆ ತಿನ್ನಲು ಏನೂ ಉಳಿಯದೆ ಎರಡೂ ಸಾಯುತ್ತವೆ. ಈ ಕೆಲಸಕ್ಕೆ ಬೆನ್ನಿಗೆ ಬೇಕಾದ ಬೋಳು ನೆಲ ನಮ್ಮ ಬೆಂಕಿರೇಖೆಯೇ ಆಗಿರಬೇಕಿತ್ತು. ಅದು ಒಣಹುಲ್ಲು ಹಾಸಿಕೊಂಡು ಮಲಗಿತ್ತು. ಅಲ್ಲಿಂದ ಹಚ್ಚಿದರೆ ಬೆಂಕಿ ಹಿಂದಕ್ಕೂ ಬರುತ್ತದೆ, ನೇರ ಪೋಡಿಗೆ.

ಬಿಟ್ಟರೆ ಇದ್ದದ್ದು ಜೀಪ್ ದಾರಿ. ಅಲ್ಲಿಂದ ಹಚ್ಚಬೇಕೆಂದರೆ ದಾರಿಗೂ ಕಣಿವೆಗೂ ನಡುವೆ ಇರುವುದೆಲ್ಲ ಸುಡಬೇಕು. ನಡುವೆ ಇದ್ದದ್ದು ಪೋಡು.

ಮೊದಲು ನಾನು ಅದಕ್ಕೆ ಒಪ್ಪಲಿಲ್ಲ. "ಹೊದಿಕೆ ಕೀಳೋಣ, ಹುಲ್ಲು ಕಿತ್ತು ಅಂಗಳಕ್ಕೆ ಹಾಕಿ ಮಣ್ಣು ಮುಚ್ಚೋಣ, ಬರೀ ತಡಿಕೆ ನಿಲ್ಲಲಿ" ಅಂದೆ. ಮುದುಕರಲ್ಲಿ ಇಬ್ಬರು ಮೂವರು ಇಳಿದು ಬಂದರು. ಗುಡಿಸಲಿನ ಮೇಲೆ ಹತ್ತಿ ಕಟ್ಟು ಕೊಯ್ದು ಹುಲ್ಲು ಎಳೆದೆವು. ಒಂದು ಗುಡಿಸಲು ಮುಗಿಸುವಷ್ಟರಲ್ಲಿ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಕಿತ್ತ ಹುಲ್ಲು ಅಂಗಳದಿಂದ ಎದ್ದು ಜೀಪ್ ದಾರಿಯನ್ನು ದಾಟಿ ಹಾರಿಹೋಯಿತು. ಹಾರಿದ್ದು ಬರೀ ಹುಲ್ಲು. ಇನ್ನು ಸ್ವಲ್ಪ ಹೊತ್ತಿಗೆ ಹಾರುವುದು ಉರಿಯುವ ಹುಲ್ಲು, ಬೀಳುವುದು ಸತ್ತ ಬಿದಿರಿನ ಮೇಲೆ. ಅತ್ತಲಿಂದ ಇನ್ನೂ ಒಬ್ಬರೂ ಬಂದಿರಲಿಲ್ಲ.

ವಾಚರನಿಗೆ ಹೇಳಬೇಕಾಗಲಿಲ್ಲ. ಗುಡಿಸಲಿನ ಮೇಲಿಂದ ಇಳಿದು ಬಂದು ನನ್ನ ಮುಂದೆ ನಿಂತ. ಅವನ ಹೆಂಡತಿಯೂ ಮೆಳೆಯೊಳಗೇ ಇದ್ದಳು.

"ಇದು ಓಗ್ಬೇಕು ಅಲ್ವಾ ಬುದ್ಧಿ?"

"ಹೌದು ಕಣಯ್ಯಾ. ಈಗಲೇ. ತಾನಾಗಿ ಹತ್ತಿಕೊಂಡ್ರೆ ಗಾಳಿ ಮೇಲಕ್ಕೆ ಒಯ್ಯುತ್ತೆ. ಈಗ ಮೇಲಿಂದ ಹಚ್ಚಿದ್ರೆ ಕೆಳಮುಖ ಸುಡುತ್ತೆ."

"ನೀವ್ ಅಚ್ಬ್ಯಾಡಿ" ಅಂದ. ನನ್ನ ಕೈಯಲ್ಲಿದ್ದ ಬೆಂಕಿಪೊಟ್ಟಣ ತೆಗೆದುಕೊಂಡ. ಸೀಳುಬಿದಿರಿನ ಪಂಜು ಕಟ್ಟಿದ. "ಬ್ಯಾರೆಯವ್ರು ಅಚ್ಚುದ್ರ ನಮ್ಮವ್ವ ಶಾಪ ಆಕ್ತಾಳ."

ಜೀಪ್ ದಾರಿಯ ಕೆಳ ಅಂಚಿನ ಹುಲ್ಲಿಗೆ ಪಂಜು ಮುಟ್ಟಿಸುತ್ತಾ ಬಗ್ಗಿಕೊಂಡು ನಡೆದ. ಆಮೇಲೆ ಇಳಿದುಹೋಗಿ ಮೇಲಿನ ಸಾಲಿನ ಗುಡಿಸಲಿಗೆ ಮುಟ್ಟಿಸಿದ. ಅದು ಅವನದೇ. ಒಂದೊಂದಾಗಿ ಎಲ್ಲಕ್ಕೂ. ಬೇರೆಯವರ ಮನೆಗೆ ಹಚ್ಚುವಾಗ ಆ ಮನೆಯವರ ಹೆಸರು ಹೇಳಿ ಏನೋ ಗೊಣಗುತ್ತಿದ್ದ. ನಾನು ದಾರಿಯ ಮೇಲೆ ನಿಂತು ಕಿಡಿ ಬಡಿಯುತ್ತಿದ್ದೆ. ಕಣ್ಣಲ್ಲಿ ನೀರು, ಹೊಗೆಯದು ಅಂತ ಯಾರಿಗೂ ಸುಳ್ಳು ಹೇಳಬೇಕಾದ ಹೊತ್ತು ಅದಾಗಿರಲಿಲ್ಲ. ನಾನು ಅತ್ತೆ.

ಅಷ್ಟರಲ್ಲಿ ಮೆಳೆಯಿಂದ ಜನ ಬಂದರು. ಸೀಗೆ ಮೂಟೆ ಬಿಸಾಕಿ ಓಡಿಬಂದ ಹೆಂಗಸರು, ಅವರ ಹಿಂದೆ ಗಂಡಸರು, ಬೆಂಗಳೂರಿನವರು. ಹೆಂಗಸರು ಕೆಳಗೆ ನೋಡಿ ಒಂದೇ ಸಲ ಕೂಗಿಕೊಂಡರು. ಆ ಕೂಗಿನ ಬಗ್ಗೆ ಬರೆಯುವ ಶಕ್ತಿ ನನಗಿಲ್ಲ. ಮೇಷ್ಟ್ರು ನನ್ನ ಭುಜ ಹಿಡಿದು ಅಲ್ಲಾಡಿಸಿದರು.

"ಏನ್ರೀ ಇದು? ನೀವೇ ಸುಡ್ತಾ ಇದೀರಾ? ಮನುಷ್ಯರಾ ನೀವು?"

"ಹೌದು ಸಾರ್, ನಾವೇ" ಅಂತ ಕಿರುಚಿದೆ. "ನಿಮ್ಮ ಫೋಟೋಗೆ ಕಪ್ಪು ಬೀಳಬಾರ್ದು ಅಂತ ರೇಖೆ ಸುಡಲಿಲ್ಲ, ಅದಕ್ಕೇ ಮನೆ ಸುಡ್ತಾ ಇದೀವಿ. ಮಾತು ಆಮೇಲಾಡಿ. ಆ ಸೊಪ್ಪು ತಗೊಂಡು ಕಿಡಿ ಬಡೀರಿ!"

ಅವರು ಒಂದು ಕ್ಷಣ ನನ್ನ ಮುಖ ನೋಡಿ, ಟೋಪಿ ಬಿಸಾಕಿ, ಸೊಪ್ಪು ಎತ್ತಿಕೊಂಡರು. ಅವರ ಜೊತೆಯವರೆಲ್ಲ ಬಡಿದರು. ಕೈಯಲ್ಲಿ ಬೊಬ್ಬೆ ಎದ್ದರೂ ಬಿಡಲಿಲ್ಲ. ಅದನ್ನೂ ಹೇಳಬೇಕು.

ಕಣಿವೆಯ ಬೆಂಕಿ ನಮ್ಮ ರೇಖೆಯನ್ನು ದಾಟಲು ಒಂದು ಉಸಿರಿನಷ್ಟೂ ನಿಲ್ಲಲಿಲ್ಲ. ಹಾಸಿದ ಹುಲ್ಲಿನ ಮೇಲೆ ಉದ್ದಕ್ಕೂ ಹರಿದು ಬಂತು. ಆದರೆ ಅದು ಬರುವಷ್ಟರಲ್ಲಿ ಪೋಡು ಕುಸಿದು ಕೆಂಡವಾಗಿತ್ತು. ಅದು ಎಳೆದುಕೊಂಡ ಗಾಳಿ ನಮ್ಮ ಬೆಂಕಿಯನ್ನು ಕೆಳಕ್ಕೆ ಸೆಳೆಯಿತು. ಎರಡೂ ಸೇರಿದಾಗ ಭರ್ರನೆ ಒಂದು ಸದ್ದು, ಮರದೆತ್ತರ ಉರಿ, ಆಮೇಲೆ ಕಪ್ಪು. ಜೀಪ್ ದಾರಿ ದಾಟಿ ಒಂದು ಕಿಡಿಯೂ ಹೋಗಲಿಲ್ಲ. ಮನುಷ್ಯರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಇವತ್ತು ಅದೇ ಜಾಗ, ಅದೇ ಗಾಳಿ ಅಂದರೆ ಮತ್ತೆ ಅದನ್ನೇ ಮಾಡಿಸುತ್ತೇನೆ. ಅದರಲ್ಲಿ ನನಗೆ ಅನುಮಾನವಿಲ್ಲ.

ಪೋಡಿನವರು ದಾರಿಯ ಬದಿಯ ಮರಗಳ ಕೆಳಗೆ ಮಲಗಿದರು. ಬೆಳಗಾದ ಮೇಲೆ ಬಿದಿರು ಕಡಿಯುವ ಮಾತಾಯಿತು. ಒಣಬಿದಿರು ಬೇಕಾದಷ್ಟಿತ್ತು, ಹದಿನೈದು ದಿನದಲ್ಲಿ ಮತ್ತೆ ಎದ್ದುನಿಲ್ಲುವ ಮನೆಗಳು. ಅನುಮತಿ ಕೊಡಿಸುತ್ತೇನೆ ಅಂತ ನಾನೂ ಧೈರ್ಯ ಹೇಳಿದೆ. ನನಗೆ ಆಗ ಬೇಕಾಗಿದ್ದದ್ದು ಅದೊಂದೇ, ಪೋಡು ಇದ್ದ ಕಡೆಯೇ ಮತ್ತೆ ಪೋಡು.

ಆ ದಿನವೇ ಮೇಲಿನ ಅಧಿಕಾರಿಯೊಬ್ಬರು ಬಂದರು. ಅತಿಥಿಗೃಹದ ಜಗಲಿಯಲ್ಲಿ ಕುರ್ಚಿ ಹಾಕಿ ಕೂತರು. ಪಕ್ಕದಲ್ಲಿ ರೇಂಜರು. ಕೈಗೆ ಬಟ್ಟೆ ಸುತ್ತಿಕೊಂಡ ಮೇಷ್ಟ್ರು ಎದುರಿಗೆ. ನಾನು, ವಾಚರ್ ಮೆಟ್ಟಿಲ ಕೆಳಗೆ. ನಾನು ರೇಖೆಯ ಮಾತು ಎತ್ತಿದೆ. ರೇಂಜರು ಕೆಮ್ಮಿದರು. ಅಧಿಕಾರಿ "ಅದು ಆಮೇಲೆ" ಅಂದರು.

ಆಗ ಮೇಷ್ಟ್ರು ಬಾಯಿ ತೆಗೆದರು. ಒಳ್ಳೆಯದಕ್ಕೇ ತೆಗೆದರು, ದೇವರಾಣೆ. "ಸಾರ್, ನಮ್ಮ ಜೀವ ಉಳಿದಿದ್ದು ಈ ಜನರಿಂದ. ಇಂಥ ತ್ಯಾಗ ನಾನೆಲ್ಲೂ ನೋಡಿಲ್ಲ. ಯಾರೂ ಬಲವಂತ ಮಾಡಲಿಲ್ಲ. ತಮ್ಮ ಮನೆಗೆ ತಾವೇ, ತಮ್ಮ ಕೈಯಾರೆ ಬೆಂಕಿ ಇಟ್ರು." ಅಂದು ಬಟ್ಟೆ ಸುತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡರು.

ಅಧಿಕಾರಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ವಾಚರನನ್ನು ನೋಡಿದರು.

"ಹೌದೇನಯ್ಯಾ? ನೀನೇ ಹಚ್ಚಿದ್ಯಾ?"

"ಊಂ ಬುದ್ಧಿ. ನಾನೇಯ."

"ಎಲ್ಲ ಮನೆಗೂ?"

"ಎಲ್ಲದ್ಕೂವೆ."

"ಸಾರ್, ಹಚ್ಚು ಅಂದವನು ನಾನು" ಅಂತ ಒಂದು ಮೆಟ್ಟಿಲು ಹತ್ತಿದೆ. ಅವರು ನನ್ನ ಕಡೆ ತಿರುಗದೆಯೇ ಅಂಗೈ ತೋರಿಸಿ ನಿಲ್ಲಿಸಿದರು. ರೇಂಜರ ಕಡೆ ಬಗ್ಗಿ, ಮೆಲ್ಲಗೆ, ಆದರೆ ನಮಗೆಲ್ಲ ಕೇಳುವ ಹಾಗೆ ಹೇಳಿದರು: "ಹಾಗಾದ್ರೆ ನಾವು ಎಬ್ಬಿಸಿದ ಹಾಗಾಗಲಿಲ್ಲ. ಅವರೇ ಸುಟ್ಟು ಬಿಟ್ಟು ಬಂದ್ರು. ಇನ್ನು ಅಲ್ಲಿ ಒಂದು ಗಳ ನೆಡೋ ಹಾಗಿಲ್ಲ. ಕೆಳಗೆ ಜಾಗ ಗುರುತು ಮಾಡಿ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಅಲ್ಲ ಸಾರ್, ನಾನು ಹೇಳಿದ್ದು..." ಅಂದರು. ಅವರ ಮಾತಿಗೆ ಅಧಿಕಾರಿ ಬಹಳ ಮರ್ಯಾದೆಯಿಂದ ತಲೆದೂಗಿದರು. ನಾನು ಜಗಲಿಯ ಮೇಲೆ ನಿಂತು ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅದರಿಂದ ನನಗೆ ವರ್ಗಾವಣೆಯಾಯಿತೇ ಹೊರತು ಬೇರೇನೂ ಆಗಲಿಲ್ಲ.

ಅಲ್ಲಿಂದ ಜೀಪ್ ದಾರಿಗೆ ಹೋಗುವಾಗ ವಾಚರ್ ನನಗಿಂತ ಮುಂದೆ ನಡೆದ. ಮರಗಳ ಕೆಳಗೆ ಅವನ ಜನ ಕಾಣುವಷ್ಟು ಹತ್ತಿರ ಬಂದಾಗ ನಿಂತ. ಅವರು ಎದ್ದು ನಿಂತು ನಮ್ಮನ್ನೇ ನೋಡುತ್ತಿದ್ದರು, ಬಿದಿರು ಕಡಿಯಬಹುದು ಅನ್ನುವ ಮಾತಿಗೆ ಕಾಯುತ್ತಾ.

"ನಾ ಅಲ್ಲ ಅಂದಿದ್ರ ಆಯ್ತಿತ್ತಾ ಬುದ್ಧಿ?"

ನಾನು ಅವನ ಜನರ ಕಡೆ ನೋಡಿದೆ.

"ಕಿಚ್ಚೇ ಬಂದು ಸುಡ್ತು ಅಂದಿದ್ರ?"

"ನೀನು ನಿಜ ಹೇಳಿದೆ ಕಣಯ್ಯಾ" ಅಂದೆ.

"ನಾ ನಿಜನೇಯ ಯೋಳಿದಿ" ಅಂದ. "ಈಗ ಇವ್ರಿಗೂ ಅದ್ನೇ ಯೋಳ್ಬೇಕಲ್ಲ." ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡು, ನನ್ನನ್ನು ಅಲ್ಲೇ ನಿಲ್ಲಿಸಿ, ಒಬ್ಬನೇ ಅವರ ಕಡೆಗೆ ನಡೆದ.